ನಿಲ್ಲದ ಮುಟ್ಟಿನ ಕಾರಣ ಹುಡುಕುತ್ತಾ

ನಾನು ಪೆಥಾಲಜಿ ಕೆಲಸಕ್ಕೆ ಸೇರಿ ಒಂದು ತಿಂಗಳಾಗಿತ್ತು. ಚಾಮರಾಜಪೇಟೆಯ ನಮ್ಮ ಪುಟ್ಟ ಮನೆಯ ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದ ಅಮ್ಮ ಇದ್ದಕ್ಕಿದ್ದಂತೆ ಕೇಳಿದಳು:

“ಅಲ್ವೇ ಸುಜಾತ, ನನ್ ಮಗಳು ಡಾಕ್ಟ್ರು ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದಿದೀನಿ. ಪಕ್ಕದ್ಮನೆ ಗೌರಮ್ಮ ಬಂದು ಕಾಲು ತೋರಿಸ್ಕೋತೀನಿ ಅಂದ್ರೆ ಬೇಡ ಅಂತ ಕಳಿಸ್ತೀಯ. ಮತ್ತೆ ನೀನು ಅಲ್ಲಿ ನೋಡೋದಾದ್ರೂ ಏನನ್ನ?”

“ಚೂರು ನೋಡ್ತೀನಮ್ಮ. ರೋಗಿಗಳ ಮೈಯಿಂದ ತೆಗೆದ ಚೂರು. ಅದನ್ನ ತೆಳ್ಳಗೆ ಕುಯ್ದು, ಬಣ್ಣ ಹಾಕಿ, ಮೈಕ್ರೋಸ್ಕೋಪಲ್ಲಿ ನೋಡಿ ಏನು ಕಾಯಿಲೆ ಅಂತ ಹೇಳೋದು.”

“ಹಂಗಾದ್ರೆ ರೋಗಿ ಮುಖಾನೇ ನೋಡಲ್ವಾ?”

ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಪೇಪರಿನ ಹಿಂದಿನಿಂದಲೇ, “ನಾವು ಡ್ರೈವರ್ ಮುಖ ನೋಡ್ತೀವೇನೇ? ಇಂಜಿನ್ ನೋಡ್ತೀವಿ. ಇವಳದೂ ಹಂಗೇ ಕಣೆ” ಎಂದರು. ಅಮ್ಮನಿಗೆ ಸಮಾಧಾನವಾಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆಗಿರಲಿಲ್ಲ.

ಈಗ ನಿವೃತ್ತಳಾಗಿ ಮನೆಯಲ್ಲಿದ್ದೇನೆ. ಪೆಥಾಲಜಿ ಸೇರುವ ಹುಡುಗ ಹುಡುಗಿಯರು ಆಗಾಗ ಬಂದು, “ಮೇಡಂ, ದಿನವಿಡೀ ಸ್ಲೈಡ್ ನೋಡ್ತಾ ಬೇಜಾರಾಗಲ್ವಾ?” ಎಂದು ಕೇಳುತ್ತಾರೆ. ಬೇಜಾರಾಗಲು ನನಗೆ ಪುರುಸೊತ್ತು ಸಿಗಲಿಲ್ಲ ಎಂದು ಹೇಳಿ ಕಾಫಿ ಕೊಟ್ಟು ಕಳಿಸುತ್ತೇನೆ. ಅವರಿಗೆ ನಿಜವಾಗಿ ಹೇಳಬೇಕಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಹೆಂಗಸರ ಆಸ್ಪತ್ರೆ. ಹಳೆಯ ಕಲ್ಲು ಕಟ್ಟಡ, ಎತ್ತರದ ಕಿಟಕಿಗಳು. ಲ್ಯಾಬು ಹಿಂದುಗಡೆಯ ಉದ್ದನೆಯ ಕೋಣೆ. ಎಪ್ಪತ್ತರ ದಶಕದ ಮೊದಲ ವರ್ಷಗಳವು. ನಮಗೆ ಬರುತ್ತಿದ್ದ ಬಾಟಲಿಗಳಲ್ಲಿ ಹೆಚ್ಚಿನವು ಒಂದೇ ಥರದವು. ಮುಟ್ಟು ಏರುಪೇರಾದ ಹೆಂಗಸರ ಗರ್ಭಕೋಶದ ಒಳಪದರವನ್ನು ಕೆರೆದು ತೆಗೆದ ಚೂರುಗಳು. ಆ ಕೆರೆಯುವ ಕ್ರಿಯೆಗೆ ಡಿ ಅಂಡ್ ಸಿ ಎನ್ನುತ್ತೇವೆ. ಕಣ್ಣಿಗೆ ಅವು ಏನೂ ಅಲ್ಲ. ಚೂರು ಕೆಡದಂತೆ ಹಾಕುವ ಫಾರ್ಮಲಿನ್ನಿನಲ್ಲಿ ತೇಲುವ ಕಂದು ಬಣ್ಣದ ಚಿಂದಿ. ಜೊತೆಗೆ ಬರುವ ಚೀಟಿಯಲ್ಲಿ ಹೆಸರು, ವಯಸ್ಸು, ‘ಅನಿಯಮಿತ ರಕ್ತಸ್ರಾವ’ ಎಂಬ ಎರಡು ಪದ, ಅಷ್ಟೇ. ಲ್ಯಾಬಿನ ಟೆಕ್ನಿಷಿಯನ್ ಮುನಿಯಪ್ಪ ಅವನ್ನು ಸ್ಪಿರಿಟ್ಟಿನಲ್ಲಿ ನೀರಾರಿಸಿ, ಮೇಣದಲ್ಲಿ ಕೂರಿಸಿ, ಈರುಳ್ಳಿ ಪೊರೆಗಿಂತ ತೆಳ್ಳಗೆ ಕುಯ್ದು, ಬೆಚ್ಚನೆಯ ನೀರಿನ ಮೇಲೆ ತೇಲಿಬಿಟ್ಟು ಗಾಜಿಗೆ ಎತ್ತಿಕೊಳ್ಳುತ್ತಿದ್ದರು. ಆ ಪೊರೆ ನೀರಿನ ಮೇಲೆ ಸುಕ್ಕು ಬಿಚ್ಚಿಕೊಳ್ಳುವುದನ್ನು ನೋಡಲು ನಾನು ಕೆಲಸ ಬಿಟ್ಟು ಎದ್ದು ಹೋಗುತ್ತಿದ್ದೆ.

ನಮ್ಮ ಮುಖ್ಯಸ್ಥರು ಡಾಕ್ಟರ್ ಶ್ರೀಕಂಠಯ್ಯ. ಕಚ್ಚೆಪಂಚೆಯ ಕಾಲದಿಂದ ಪ್ಯಾಂಟಿಗೆ ಬಂದವರು, ಆದರೆ ಹಣೆಯ ವಿಭೂತಿ ಬಿಟ್ಟಿರಲಿಲ್ಲ. ಕೋಪ ಬಂದರೆ ದನಿ ಇನ್ನೂ ಮೆತ್ತಗಾಗುತ್ತಿತ್ತು, ಅದಕ್ಕೇ ನಮಗೆ ಹೆಚ್ಚು ಭಯ. ಮೊದಲ ವಾರ ನಾನೊಂದು ಸ್ಲೈಡ್ ನೋಡಿ, “ಏನೂ ಇಲ್ಲ ಸರ್, ನಾರ್ಮಲ್” ಎಂದೆ.

“ಏನೂ ಇಲ್ವಾ? ಸರಿ, ಬಾಮ್ಮ ಇಲ್ಲಿ” ಎಂದು ತಮ್ಮ ಪಕ್ಕ ಸ್ಟೂಲು ಎಳೆದರು.

ಆ ಮಧ್ಯಾಹ್ನ ಅವರು ಹೇಳಿಕೊಟ್ಟದ್ದನ್ನು ನಾನು ಪುಸ್ತಕದಲ್ಲಿ ಮೊದಲೇ ಓದಿದ್ದೆ, ಪರೀಕ್ಷೆಯಲ್ಲೂ ಬರೆದಿದ್ದೆ. ಆದರೆ ಕಂಡಿರಲಿಲ್ಲ. ಮುಟ್ಟು ಮುಗಿದ ಮೇಲೆ ಗರ್ಭಕೋಶದ ಗೋಡೆ ಬೋಳಾಗಿರುತ್ತದೆ. ತಳದಲ್ಲಿ ಉಳಿದ ಒಂದಿಷ್ಟು ಗ್ರಂಥಿಗಳಿಂದ ಇಡೀ ಪದರ ಮತ್ತೆ ಏಳುತ್ತದೆ. ಮೊದಲು ಗ್ರಂಥಿಗಳು ನೆಟ್ಟಗೆ, ಕೊಳವೆಗಳ ಹಾಗೆ. ಅಂಡ ಬಿಡುಗಡೆಯಾದ ಮರುಕ್ಷಣದಿಂದ ಅವು ತಿರುಚಿಕೊಳ್ಳತೊಡಗುತ್ತವೆ, ಒಳಗೆ ರಸ ತುಂಬುತ್ತದೆ, ಸುತ್ತಲಿನ ಜೀವಕೋಶಗಳು ಉಬ್ಬಿ ಮೆತ್ತಗಾಗುತ್ತವೆ. ಬರುವ ಮಗುವಿಗೆ ಹಾಸಿಗೆ ಸಿದ್ಧ. ಮಗು ಬಾರದಿದ್ದರೆ ಎಲ್ಲ ಕಳಚಿ ಬೀಳುತ್ತದೆ. ಮತ್ತೆ ಮೊದಲಿನಿಂದ. ಒಂದು ಕಲೆಯೂ ಉಳಿಯದಂತೆ ಇಷ್ಟು ಸಲ ಬಿಚ್ಚಿ ಕಟ್ಟಿಕೊಳ್ಳುವ ಜಾಗ ಮನುಷ್ಯರ ಮೈಯಲ್ಲಿ ಬೇರೊಂದನ್ನು ನಾನು ನೋಡಿಲ್ಲ.

“ಈಗ ಹೇಳು, ಇದು ತಿಂಗಳ ಯಾವ ಭಾಗದ್ದು?” ಎಂದರು.

ನಾನು ನೋಡಿ ನೋಡಿ, “ಮುಟ್ಟು ಬರೋಕೆ ಸ್ವಲ್ಪ ಮುಂಚೆ ಸರ್” ಎಂದೆ.

“ಹೌದು. ಅಂದ್ರೆ ಅಂಡ ಬಿಡುಗಡೆ ಆಗಿದೆ. ಅಂಡಾಶಯ ಸರಿಯಾಗಿದೆ, ಅದಕ್ಕೆ ಅಪ್ಪಣೆ ಕೊಡೋ ಮೆದುಳೂ ಸರಿಯಾಗಿದೆ. ಹಂಗಾದ್ರೆ ಈಯಮ್ಮನಿಗೆ ರಕ್ತ ಹೋಗ್ತಿರೋದು ಬೇರೆ ಯಾತಕ್ಕೋ. ಇಷ್ಟು ಹೇಳೋ ಚೂರನ್ನ ‘ಏನೂ ಇಲ್ಲ’ ಅಂದ್ಯಲ್ಲಮ್ಮ.”

ಆಮೇಲೆ ಒಂದು ಮಾತು ಸೇರಿಸಿದರು. “ಜ್ವರ ಬಂದಿದೆ ಅಂತ ಬರ್ಕೊಂಡು ಸುಮ್ನಾಗ್ತೀವಾ? ಯಾಕೆ ಬಂತು ಅಂತ ಕೇಳಲ್ವಾ? ಮುಟ್ಟು ಏರುಪೇರಾದ್ರೂ ಹಂಗೇ ಕೇಳ್ಬೇಕು. ಗೆಡ್ಡೆ ಇರಬಹುದು, ಥೈರಾಯ್ಡ್ ಇರಬಹುದು, ಗರ್ಭ ಇಳೀತಿರಬಹುದು, ಕ್ಯಾನ್ಸರ್ ಇರಬಹುದು. ಬರೀ ವಯಸ್ಸಿನ ಏರುಪೇರೂ ಇರಬಹುದು. ಕೇಳದೆ ಗೊತ್ತಾಗಲ್ಲ.”

ಕೇಳುವುದನ್ನು ಕಲಿಯುತ್ತ ಹೋದೆ. ಮದುವೆಯಾಗಿ ಬಹಳ ವರ್ಷವಾದರೂ ಮಕ್ಕಳಿಲ್ಲದ, ಮುಟ್ಟು ಬಂದಾಗ ಬಂತು ಎನ್ನುವಂತಿದ್ದ ಒಬ್ಬಾಕೆಯ ಸ್ಲೈಡಿನಲ್ಲಿ ಒಂದು ದಿನ ಪುಟ್ಟ ಪುಟ್ಟ ಗಂಟುಗಳು ಕಂಡವು. ಶ್ವಾಸಕೋಶದಲ್ಲಿ ನೋಡಿ ಗೊತ್ತಿದ್ದ ಗಂಟುಗಳೇ. ಕ್ಷಯ! ಆಕೆಗೆ ಒಂದು ದಿನವೂ ಕೆಮ್ಮು ಬಂದಿರಲಿಲ್ಲ. ಚಿಕ್ಕಂದಿನಲ್ಲಿ ಯಾವಾಗಲೋ ಮೈ ಹೊಕ್ಕ ರೋಗ ರಕ್ತದ ದಾರಿಯಲ್ಲಿ ಬಂದು ಅಲ್ಲಿ ಕೂತಿತ್ತು. ಔಷಧದಿಂದ ಆಕೆಯ ಮುಟ್ಟು ಸರಿಹೋಯಿತು, ಮೈ ತುಂಬಿಕೊಂಡಳು. ಮಗು ಆಗಲಿಲ್ಲ. ಎಲ್ಲ ಕಥೆಯೂ ನಾವು ಬಯಸಿದಂತೆ ಮುಗಿಯುವುದಿಲ್ಲ ಎನ್ನುವುದನ್ನೂ ಹೊಸಬರು ತಿಳಿದಿರಬೇಕು.

ಇನ್ನೊಬ್ಬರು ಬಸವನಗುಡಿಯ ಅಜ್ಜಿ. ಮುಟ್ಟು ನಿಂತು ಎಷ್ಟೋ ವರ್ಷದ ಮೇಲೆ ಅವರಿಗೆ ಸ್ವಲ್ಪ ಸ್ವಲ್ಪ ರಕ್ತ ಕಂಡಿತ್ತು. ಮಡಿ ಮನೆತನ. ಅಜ್ಜಿ ತಾವಾಗಿಯೇ ಹಿತ್ತಲ ಕೋಣೆಗೆ ಹೋಗಿ ಚಾಪೆ ಹಾಕಿಕೊಂಡು ಮೂರು ದಿನ ಹೊರಗೆ ಕೂತರಂತೆ. ಮೊಮ್ಮಕ್ಕಳಿಗೆ ಬಾಗಿಲಿನಿಂದಲೇ ನಗುತ್ತ, “ನಾನು ಮತ್ತೆ ಹುಡುಗಿ ಆದೆ ನೋಡ್ರೋ” ಎಂದರಂತೆ. ಸ್ಕೂಲ್ ಟೀಚರಾಗಿದ್ದ ಸೊಸೆಗೆ ಮಾತ್ರ ನಗು ಬರಲಿಲ್ಲ. ಅತ್ತೆಯನ್ನು ಆಟೋದಲ್ಲಿ ಕೂರಿಸಿಕೊಂಡು ಬಂದೇಬಿಟ್ಟರು. ಚೂರಿನಲ್ಲಿ ಕ್ಯಾನ್ಸರ್ ಇತ್ತು, ಆದರೆ ಇನ್ನೂ ಗರ್ಭಕೋಶದ ಒಳಗೇ ಇತ್ತು.

ವರದಿಗೆ ಸಹಿ ಹಾಕುವ ಮೊದಲು ಶ್ರೀಕಂಠಯ್ಯನವರು, “ಹೋಗಿ ಮುಖ ನೋಡ್ಕೊಂಡು ಬಾ” ಎಂದರು. ಅಮ್ಮ ಕೇಳಿದ ಮಾತಿಗೆ ಅಲ್ಲಿಗೆ ಉತ್ತರ ಸಿಕ್ಕಿತು. ವಾರ್ಡಿಗೆ ಹೋದೆ. ಅಜ್ಜಿ ಕೈಹಿಡಿದು, “ಮೂರು ದಿನ ಆದ್ರೂ ಹೋಗ್ತಾನೇ ಇತ್ತಮ್ಮ, ತಲೆಗೆ ನೀರು ಹಾಕ್ಕೊಂಡು ಒಳಗೆ ಬರೋದು ಹೇಗೆ? ಅದಕ್ಕೇ ಸೊಸೆಗೆ ಹೇಳ್ದೆ” ಎಂದರು. ಅವರನ್ನು ಉಳಿಸಿದ್ದು ಸೊಸೆಯೋ, ಮಡಿಯೋ, ಕತ್ತರಿಯೋ ಹೇಳಲಾರೆ. ಆಪರೇಷನ್ ಆಗಿ ಗಟ್ಟಿಮುಟ್ಟಾಗಿ ಬಹುಕಾಲ ಬಾಳಿದರು. ಮುಟ್ಟು ನಿಂತ ಮೇಲೆ ಒಂದು ಹನಿ ಕಂಡರೂ ಉದಾಸೀನ ಮಾಡಬೇಡಿ ಎಂದು ನಾನು ಮದುವೆಮನೆಗಳಲ್ಲೂ ಹೇಳುವುದು, ನೆಂಟರು ಮುಖ ತಿರುಗಿಸುವುದು, ಎರಡೂ ಅಂದಿನಿಂದ ನಡೆದೇ ಇದೆ.

ಇನ್ನು ಜಯಮ್ಮನ ವಿಷಯ.

ಆಕೆ ಅಕ್ಕಿಪೇಟೆಯವಳು. ಇಪ್ಪತ್ತರ ಆಸುಪಾಸಿನ ಹೆಂಗಸು. ಮುಟ್ಟು ತಡವಾಗಿ ಬಂದು, ಆಮೇಲೆ ನಿಂತೂ ನಿಲ್ಲದಂತೆ ಹೋಗುತ್ತಿದೆ ಎಂದು ನಮ್ಮ ಸ್ತ್ರೀರೋಗ ತಜ್ಞೆ ಡಾಕ್ಟರ್ ಕಮಲಮ್ಮನವರ ಹತ್ತಿರ ಬಂದಿದ್ದಳು. ಗರ್ಭವೇ ಎಂದು ಮೂತ್ರ ಪರೀಕ್ಷೆ ಮಾಡಿದ್ದರು. ಇಲ್ಲ ಎಂದು ಬಂದಿತ್ತು. ಆಗಿನ ಪರೀಕ್ಷೆಗಳು ಈಗಿನಷ್ಟು ಸೂಕ್ಷ್ಮವಲ್ಲ. ಕಮಲಮ್ಮನವರು ಡಿ ಅಂಡ್ ಸಿ ಮಾಡಿ, ಮಾತ್ರೆ ಕೊಟ್ಟು, ಮನೆಗೆ ಕಳಿಸಿದ್ದರು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ನನ್ನ ಮುಂದೆ ಇದ್ದದ್ದು ಸ್ಲೈಡ್ ಮಾತ್ರ.

ಬೆಳಗ್ಗೆ ಹತ್ತರ ಬಿಸಿಲು ಮೈಕ್ರೋಸ್ಕೋಪಿನ ಕನ್ನಡಿಗೆ ನೇರ ಬೀಳುತ್ತಿತ್ತು. ನೋಡಿದೆ. ಅಷ್ಟು ಸೊಂಪಾದ ಪದರವನ್ನು ಅದುವರೆಗೆ ನೋಡಿರಲಿಲ್ಲ. ಜೀವಕೋಶಗಳು ಒಂದಕ್ಕೊಂದು ಒತ್ತಿಕೊಂಡು, ದುಂಡಗೆ, ಮಿದುವಾಗಿ, ಹತ್ತಿ ತುಂಬಿದಂತೆ ಇದ್ದವು. ಮುಟ್ಟಿನ ತಿಂಗಳಲ್ಲಿ ಹೀಗಿರುವುದಿಲ್ಲ. ಇದು ಬಸುರಿನ ಪದರ. ಬಸುರು ಇಳಿದಿದ್ದರೆ ಅದರ ಬೇರುಗಳು, ಎಂದರೆ ಮಾಸಿನ ಎಳೆಗಳು, ಎಲ್ಲಾದರೂ ಕಾಣಬೇಕು. ಮುನಿಯಪ್ಪನವರಿಗೆ ಹೇಳಿ ಉಳಿದ ಚೂರನ್ನೆಲ್ಲ ಕುಯ್ಯಿಸಿದೆ. ಒಂದು ಎಳೆಯೂ ಇಲ್ಲ.

ಶ್ರೀಕಂಠಯ್ಯನವರು ಬಂದು ಕಣ್ಣಿಟ್ಟರು. ಸ್ಲೈಡನ್ನು ಅಂಚಿನಿಂದ ಅಂಚಿಗೆ ಸರಿಸುತ್ತ ನೋಡಿದರು.

“ಹಾಸಿಗೆ ಹಾಸಿದೆ” ಎಂದರು. “ಮಲಗೋರು ಇಲ್ಲಿಲ್ಲ.”

“ಪೂರ್ತಿ ಇಳಿದುಹೋಗಿರಬಹುದಾ ಸರ್?”

“ಇರಬಹುದು. ಹಾರ್ಮೋನ್ ಮಾತ್ರೆ ತಗೊಂಡಿದ್ರೂ ಹೀಗೆ ಕಾಣುತ್ತೆ. ಅವೆರಡೂ ಅಲ್ಲದಿದ್ರೆ?”

ಅವೆರಡೂ ಅಲ್ಲದಿದ್ದರೆ ಮಗು ಗರ್ಭಕೋಶಕ್ಕೆ ಬಂದು ಸೇರುವ ನಳಿಕೆಯಲ್ಲೇ ನಿಂತು ಬೆಳೆಯುತ್ತಿದೆ ಎಂದು ಅರ್ಥ. ನಳಿಕೆ ಎಷ್ಟೆಂದು ಹಿಗ್ಗೀತು? ಒಡೆಯುತ್ತದೆ. ಒಡೆದರೆ ರಕ್ತವೆಲ್ಲ ಹೊಟ್ಟೆಯೊಳಗೇ ಹರಿದು, ಹೊರಗೆ ಏನೂ ಕಾಣದೆ, ಹೆಂಗಸು ಕೂತಲ್ಲೇ ಸಾಯುತ್ತಾಳೆ.

ನಾನು ಸ್ಲೈಡ್ ಹಿಡಿದುಕೊಂಡೇ ಕಮಲಮ್ಮನವರ ಕೋಣೆಗೆ ಓಡಿದೆ. ಕೇಳಿದ ಕೂಡಲೇ ಅವರು ಎದ್ದು ನಿಂತರು.

“ಮುಂಚೆ ಏನಾದ್ರೂ ಮಾತ್ರೆ ತಗೊಂಡಿದ್ಲಾ ಮೇಡಂ?”

“ಇಲ್ಲಮ್ಮ, ನಾನೇ ಕೇಳಿದ್ದೆ. ನಾನು ಕೊಟ್ಟಿದ್ದೆಲ್ಲ ಆಮೇಲೆ. ಅವಳನ್ನ ಈಗಲೇ ವಾಪಸ್ ಕರಿಸ್ಬೇಕು.”

ಕರೆಸುವುದು ಹೇಗೆ? ಬಡವರ ಮನೆಯಲ್ಲಿ ಫೋನೆಲ್ಲಿ? ವಿಳಾಸದಲ್ಲಿ ಅಕ್ಕಿಪೇಟೆ ಎಂದಷ್ಟೇ ಇತ್ತು. ವಾರ್ಡಿನ ನರ್ಸಿಗೆ ಒಂದು ನೆನಪಿತ್ತು: ಗಂಡ ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಕೆಲಸದವನು, ಹೆಸರು ರಾಮು. ಕಮಲಮ್ಮನವರು ಆಪರೇಷನ್ ಥಿಯೇಟರ್ ಸಿದ್ಧ ಮಾಡಿಸಿ, ರಕ್ತ ಹೊಂದಿಸಲು ಹೇಳಿ, “ಯಾರನ್ನಾದ್ರೂ ಕಳಿಸಿದ್ರೆ ಸರಿಯಾಗಿ ಹೇಳೋಕಾಗಲ್ಲ. ನಡಿ, ನಾವೇ ಹೋಗೋಣ” ಎಂದು ಸೀರೆಯ ಸೆರಗು ಸಿಕ್ಕಿಸಿಕೊಂಡರು. ಇಬ್ಬರೂ ಆಟೋ ಹತ್ತಿದೆವು.

ಮದುವೆಯ ಕಾಲ. ಸುಲ್ತಾನ್‌ಪೇಟೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅರಿಶಿನ ಕುಂಕುಮ ಬಣ್ಣದ ಪತ್ರಿಕೆಗಳನ್ನು ಹರಡಿಕೊಂಡು ಅಂಗಡಿ ಅಂಗಡಿಯಲ್ಲೂ ಹೆಣ್ಣು ಗಂಡಿನ ಕಡೆಯವರು ಕೂತಿದ್ದರು. ಬಿಳಿ ಕೋಟು ಹಾಕಿಕೊಂಡ ಇಬ್ಬರು ಹೆಂಗಸರು ಮೆಟ್ಟಿಲೇರಿ, “ಅಚ್ಚಿನ ಕೆಲಸದ ರಾಮು ಇದಾರಾ?” ಎಂದರೆ ಎಲ್ಲರೂ ತಬ್ಬಿಬ್ಬಾಗುತ್ತಿದ್ದರು. ಒಬ್ಬ ಮಾಲೀಕ, “ಯಾರ ಮದುವೆ ಮೇಡಂ?” ಎಂದ. ಕೊನೆಗೆ ಒಂದು ಓಣಿಯ ಒಳಗೆ, ಕಾಲಲ್ಲಿ ತುಳಿಯುವ ಮೆಷಿನ್ನಿನ ಮುಂದೆ ರಾಮು ಸಿಕ್ಕ. ಕೈಯೆಲ್ಲ ಮಸಿ.

“ಹೆಂಡ್ತಿ ಹೇಗಿದಾಳಪ್ಪ?” ಎಂದರು ಕಮಲಮ್ಮ.

“ಬೆಳಗ್ಗೆಯಿಂದ ಹೊಟ್ಟೆನೋವು ಅಂತಿದ್ಲು ಮೇಡಂ. ಕ್ಲೀನ್ ಮಾಡಿದಾರಲ್ಲ, ಇರುತ್ತೆ ಬಿಡು ಅಂತ ನಾನೇ ಸಮಾಧಾನ ಹೇಳಿ ಬಂದೆ. ಯಾಕೆ ಮೇಡಂ, ಏನಾಯ್ತು?”

“ಮನೆ ತೋರಿಸು. ದಾರೀಲಿ ಹೇಳ್ತೀನಿ.”

ಅಕ್ಕಿಪೇಟೆಯ ರಸ್ತೆಯಲ್ಲಿ ಲಾರಿಗಳು ಮೂಟೆ ಇಳಿಸುತ್ತಿದ್ದವು. ಆಟೋ ಮುಂದೆ ಹೋಗಲಿಲ್ಲ. ಇಳಿದು, ಅಕ್ಕಿ ಮಂಡಿಗಳ ಹಿಂದಿನ ಸಂದಿಯಲ್ಲಿ ರಾಮುವಿನ ಹಿಂದೆ ಓಡಿದೆವು. ಜಯಮ್ಮ ಗೋಡೆಗೆ ಒರಗಿ ಕೂತಿದ್ದಳು. ಅದೇ ಮೊದಲು ನಾನು ಅವಳನ್ನು ನೋಡಿದ್ದು. ತುಟಿ ಬೆಳ್ಳಗೆ ಸುಣ್ಣದ ಹಾಗೆ. ಹಣೆಯ ತುಂಬ ಬೆವರು.

ಕಮಲಮ್ಮನವರು ನಾಡಿ ಹಿಡಿದು, “ಎಲ್ಲಿ ನೋವಮ್ಮ?” ಎಂದರು.

“ಹೊಟ್ಟೇಲಿತ್ತು... ಈಗ ಭುಜ ನೋಯ್ತಿದೆ ಡಾಕ್ಟ್ರೇ. ಬಲಗಡೆ ಭುಜ. ಯಾಕೋ ಗೊತ್ತಿಲ್ಲ.”

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಹೊಟ್ಟೆಯಲ್ಲಿ ತುಂಬಿದ ರಕ್ತ ಮೇಲೇರಿ ಎದೆಗೂ ಹೊಟ್ಟೆಗೂ ನಡುವಿನ ವಪೆಗೆ ತಾಗಿದರೆ ನೋವು ಭುಜದಲ್ಲಿ ಕಾಣಿಸುತ್ತದೆ. ಪುಸ್ತಕದ ಒಂದು ಸಾಲು ಅಲ್ಲಿ ಕೂತು ಮಾತಾಡುತ್ತಿತ್ತು.

ಆಕೆಯನ್ನು ನಡೆಸುವಂತಿರಲಿಲ್ಲ. ಹೊರಗೆ ಒಬ್ಬ ಹಮಾಲಿ ಅಕ್ಕಿ ಮೂಟೆಯ ಕೈಗಾಡಿ ನಿಲ್ಲಿಸಿಕೊಂಡಿದ್ದ. ರಾಮು ಏನೋ ಹೇಳುವಷ್ಟರಲ್ಲಿ ಆತ ಇನ್ನಿಬ್ಬರನ್ನು ಕೂಗಿ, ಮೂಟೆಗಳನ್ನು ರಸ್ತೆಗೇ ಇಳಿಸಿ, ಖಾಲಿ ಗೋಣಿಚೀಲ ಮಡಿಸಿ ಹಾಸಿದ. “ಎತ್ರಲೇ ಮೆತ್ತಗೆ, ಅಕ್ಕಯ್ಯಂಗೆ ಕುಲುಕಬಾರ್ದು!” ಎಂದು ಅರಚಿದ. ಆತ ಮುಂದೆ, ನಾವು ಅಕ್ಕಪಕ್ಕ. ಲಾರಿಗಳ ನಡುವೆ, “ಜಾಗ ಬಿಡ್ರೋ, ಜಾಗ ಬಿಡ್ರೋ” ಎಂಬ ಕೂಗಿಗೆ ಇಡೀ ಅಕ್ಕಿಪೇಟೆ ಎರಡು ಭಾಗವಾಗಿ ಸರಿದು ನಿಂತಿತು. ರಸ್ತೆಯ ತುದಿಯಲ್ಲಿ ಕಾದಿದ್ದ ನಮ್ಮ ಆಟೋದಲ್ಲಿ ಜಯಮ್ಮನ ತಲೆ ನನ್ನ ತೊಡೆಯ ಮೇಲಿತ್ತು. ಅವಳು ಕಣ್ಣು ಮುಚ್ಚಿದಾಗಲೆಲ್ಲ ನಾನು ಹೆಸರು ಹಿಡಿದು ಕೂಗುತ್ತಿದ್ದೆ. “ಹೂಂ” ಎನ್ನುತ್ತಿದ್ದಳು. ಒಂದು ಸಲ ಅನ್ನಲಿಲ್ಲ. ಆಗ ಆಸ್ಪತ್ರೆಯ ಗೇಟು ಕಂಡಿತು.

ಹೊಟ್ಟೆ ತೆರೆದಾಗ ರಕ್ತ ತುಂಬಿತ್ತು. ಕಮಲಮ್ಮನವರ ಕೈ ಆ ರಕ್ತದ ಒಳಗೆ ಹೋಗಿ ಒಡೆದ ನಳಿಕೆಯನ್ನು ಹುಡುಕಿ ಹಿಡಿಯಿತು. ಜಯಮ್ಮ ಉಳಿದಳು.

ಆ ನಳಿಕೆಯ ತುಂಡು ಬಾಟಲಿಯಲ್ಲಿ ನನ್ನ ಮೇಜಿಗೇ ಬಂತು. ಸ್ಲೈಡಿನಲ್ಲಿ ನೋಡಿದೆ. ಎರಡು ದಿನದ ಹಿಂದೆ ನಾನು ಹುಡುಕಿ ಸಿಗದಿದ್ದ ಮಾಸಿನ ಎಳೆಗಳು ಅಲ್ಲಿ, ಎಳೆಯ ಬೇರಿನಂತೆ ಟಿಸಿಲೊಡೆದು, ಹಿಡಿಯಲು ಜಾಗ ಹುಡುಕುತ್ತಿದ್ದವು. ದೂರದಲ್ಲಿ ಎಲ್ಲೋ ಮಗು ಬಂದು ನಿಂತಿದೆ. ಅದು ಬಂದ ಸುದ್ದಿ ರಕ್ತದಲ್ಲಿ ಗರ್ಭಕೋಶಕ್ಕೆ ಮುಟ್ಟಿದೆ. ಗರ್ಭಕೋಶ ಅದಕ್ಕಾಗಿ ತನ್ನ ಕೈಲಾದಷ್ಟು ಮೆತ್ತಗೆ ಹಾಸಿ ಕಾದಿದೆ. ಇದನ್ನು ನೋಡಿ ನನಗೆ ದುಃಖವಾಯಿತೋ ಬೆರಗಾಯಿತೋ ಬೇರೆ ಮಾಡಿ ಹೇಳಲಾರೆ. ಕಣ್ಣು ಮಂಜಾಗಿ ಫೋಕಸ್ ಸಿಗದೆ, ಕಣ್ಣೊರೆಸಿಕೊಂಡು ಮತ್ತೆ ನೋಡಿದೆ.

ಎಂಬತ್ತರ ದಶಕ ಬಂತು. ಶ್ರೀಕಂಠಯ್ಯನವರು ನಿವೃತ್ತರಾದರು. ಅಲ್ಟ್ರಾಸೌಂಡ್ ಯಂತ್ರವೂ ಬಂತು. ಮೊದಮೊದಲು ಅದರ ತೆರೆಯ ಮೇಲೆ ಕಾಣುತ್ತಿದ್ದುದು ಮಳೆ ಬಿದ್ದ ಗಾಜಿನಂತೆ ಮಸುಕು. ಆದರೂ ಚಾಕು ಮುಟ್ಟಿಸದೆ ಹೊಟ್ಟೆಯೊಳಗಿನ ಗೆಡ್ಡೆ ಕಾಣಿಸಿದಾಗ ನಾವೆಲ್ಲ ಕುರ್ಚಿ ಬಿಟ್ಟೆದ್ದು ನೋಡಲು ಹೋದೆವು. ಹಾರ್ಮೋನುಗಳನ್ನು ರಕ್ತದಲ್ಲೇ ಅಳೆಯುವುದು ಬಂತು. ವರ್ಷಗಟ್ಟಲೆ ‘ಸೋಮಾರಿ’ ಎಂದು ಬೈಸಿಕೊಂಡು, ವಿಪರೀತ ರಕ್ತ ಹೋಗಿ ಬಿಳಿಚಿಕೊಂಡ ಹೆಂಗಸರಲ್ಲಿ ಕೆಲವರದು ಬರೀ ಥೈರಾಯ್ಡ್ ಎಂದು ತಿಳಿದು, ದಿನಕ್ಕೊಂದು ಮಾತ್ರೆಯಲ್ಲಿ ಅವರು ಎದ್ದು ಓಡಾಡುವುದನ್ನು ಕಂಡೆ. ಉಪಕರಣ ಬದಲಾಗುತ್ತದೆ, ನೀವು ಬದಲಾಗಲು ಹಿಂಜರಿಯಬೇಡಿ.

ಆದರೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಅಲುಗಾಡಿಸಿದ್ದು ಒಂದು ಸೂಜಿ ಮತ್ತು ಒಂದು ಕಾಗದದ ಪರೀಕ್ಷೆ.

ಮಲ್ಲೇಶ್ವರದಿಂದ ವಸುಧಾ ಎಂಬ ಹುಡುಗಿಯನ್ನು ಕರೆತಂದಿದ್ದರು. ಹೈಸ್ಕೂಲಿನ ಹುಡುಗಿ. ಮೈನೆರೆದಾಗಿನಿಂದ ಮುಟ್ಟು ಬಂದರೆ ನಿಲ್ಲುವುದೇ ಇಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು. ಜೊತೆಗೆ ತಾಯಿ ಮತ್ತು ತಾಯಿಯ ತಾಯಿ, ಸೀತಮ್ಮ ಎಂದು. ಮೊದಲ ಒಂದೆರಡು ವರ್ಷ ಅಂಡ ಸರಿಯಾಗಿ ಬಿಡುಗಡೆಯಾಗದೆ ಹುಡುಗಿಯರಿಗೆ ಏರುಪೇರಾಗುವುದು ಸಾಮಾನ್ಯ. ಹೊರಗಿನ ಡಾಕ್ಟರು ಹಾಗೆಂದೇ ಮಾತ್ರೆ ಕೊಟ್ಟಿದ್ದರು. ನಿಂತಿರಲಿಲ್ಲ. ಕಮಲಮ್ಮನವರು, “ಮನಸ್ಸಿಲ್ಲ, ಆದ್ರೆ ಈ ಮಗೂಗೆ ಡಿ ಅಂಡ್ ಸಿ ಮಾಡ್ಲೇಬೇಕಾಗುತ್ತೇನೋ. ರಕ್ತ ಪರೀಕ್ಷೆ ಮಾಡ್ಕೊಡು” ಎಂದು ಲ್ಯಾಬಿಗೆ ಕಳಿಸಿದರು.

ಮುನಿಯಪ್ಪ ರಕ್ತ ತೆಗೆದು ಹತ್ತಿ ಒತ್ತಿದರು. ಸ್ವಲ್ಪ ಹೊತ್ತಿನ ಮೇಲೆ ಬಂದು, “ಮೇಡಂ, ಸೂಜಿ ಚುಚ್ಚಿದ ಜಾಗ ಇನ್ನೂ ಒಸರ್ತಿದೆ. ಎರಡು ಸಲ ಹತ್ತಿ ಬದಲಾಯಿಸ್ದೆ” ಎಂದರು.

ನಾನೇ ಹೋದೆ. ಹುಡುಗಿಯ ಕಿವಿಯ ಹಾಲೆಗೆ ಸಣ್ಣಗೆ ಸೂಜಿ ತಾಗಿಸಿ, ಬಂದ ಹನಿಯನ್ನು ಫಿಲ್ಟರ್ ಪೇಪರಿನ ಅಂಚಿಗೆ ಮುಟ್ಟಿಸುತ್ತ ಹೋದೆ. ಸಾಮಾನ್ಯವಾಗಿ ಕಾಗದದ ಮೇಲೆ ಕೆಂಪು ಚುಕ್ಕೆಗಳು ಸಾಲಾಗಿ ಚಿಕ್ಕದಾಗುತ್ತ, ಚಿಕ್ಕದಾಗುತ್ತ ಇಲ್ಲವಾಗುತ್ತವೆ. ವಸುಧಾಳ ಚುಕ್ಕೆಗಳು ಚಿಕ್ಕದಾಗಲೇ ಇಲ್ಲ. ಕಾಗದ ಸುತ್ತು ಮುಗಿದು ಇನ್ನೊಂದು ತೆಗೆದುಕೊಂಡೆ. ಅದೂ ಮುಗಿಯುತ್ತ ಬಂತು.

“ನೋಯ್ತಿದೆಯಾ ಪುಟ್ಟಿ?”

“ಇಲ್ಲ ಆಂಟಿ. ನಂಗೆ ಯಾವಾಗ್ಲೂ ಹಿಂಗೇ. ಹಲ್ಲು ಬಿದ್ದಾಗಲೂ ಎರಡು ದಿನ ನಿಲ್ಲಲಿಲ್ಲ.”

ಕಾರಣ ಗರ್ಭಕೋಶದಲ್ಲಿ ಇರಲೇ ಇಲ್ಲ. ಅವಳ ರಕ್ತದಲ್ಲೇ, ಗಾಯದ ಬಾಯಿಗೆ ಅಂಟಿಕೊಳ್ಳಲು ಬೇಕಾದ ಒಂದು ಅಂಶ ಹುಟ್ಟಿನಿಂದ ಕಡಿಮೆ ಇತ್ತು. ಡಿ ಅಂಡ್ ಸಿ ಮಾಡಿದ್ದರೆ ಟೇಬಲ್ಲಿನ ಮೇಲೆ ಏನಾಗುತ್ತಿತ್ತೋ ನೆನೆಸಿಕೊಳ್ಳಲೂ ಭಯ. ಕಮಲಮ್ಮನವರಿಗೆ ಹೇಳಿ ನಿಲ್ಲಿಸಿದೆವು. ತಾಜಾ ರಕ್ತದಿಂದ ಬೇರ್ಪಡಿಸಿದ ಪ್ಲಾಸ್ಮಾ ಕೊಟ್ಟು, ಹಾರ್ಮೋನ್ ಮಾತ್ರೆಯನ್ನೂ ಸೇರಿಸಿದಾಗ ರಕ್ತ ನಿಂತಿತು. ಖಚಿತ ಮಾಡಿಕೊಳ್ಳಲು ಮಾದರಿಯನ್ನು ಬೊಂಬಾಯಿಗೆ ಕಳಿಸಿದೆವು. ಉತ್ತರ ನಾವೆಣಿಸಿದಂತೆಯೇ ಬಂತು.

ಇದು ವಂಶದಲ್ಲಿ ಇಳಿದು ಬರುವಂಥದ್ದು. ಹಾಗಾಗಿ ತಾಯಿಯನ್ನೂ ಅಜ್ಜಿಯನ್ನೂ ಕೂರಿಸಿ ಕಿವಿಗೆ ಸೂಜಿ ತಾಗಿಸಿದೆ. ತಾಯಿಯ ಚುಕ್ಕೆಗಳೂ ಬೇಗ ನಿಲ್ಲಲಿಲ್ಲ. ಸೀತಮ್ಮನವರು ವಾಲೆ ಬಿಚ್ಚಿ ಮಗಳ ಕೈಗೆ ಕೊಟ್ಟು, ತಾವೂ ಕಿವಿಯೊಡ್ಡಿದರು. ಅವರದೂ ನಿಲ್ಲಲಿಲ್ಲ. ಮೂರು ತಲೆಮಾರಿನ ಮೂರು ಕಾಗದ ಒಣಗಲೆಂದು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ. ಮದುವೆ, ಮನೆ ಎಲ್ಲ ಬದಲಾದರೂ ಒಂದೇ ಕೊರತೆ ಒಬ್ಬರ ಒಡಲಿಂದ ಇನ್ನೊಬ್ಬರ ಒಡಲಿಗೆ ಸದ್ದಿಲ್ಲದೆ ದಾಟಿ ಬಂದಿತ್ತು.

“ನಿಮ್ಮ ಮನೇಲಿ ಇನ್ಯಾರಿಗಾದ್ರೂ ಹೀಗಾಗಿತ್ತಾಮ್ಮ?” ಎಂದೆ.

ಸೀತಮ್ಮನವರು ಕಿವಿಗೆ ಹತ್ತಿ ಒತ್ತಿಕೊಂಡು ಕೂತಿದ್ದರು. ವಸುಧಾಳ ತಾಯಿಯೇ ಬಾಯಿ ಹಾಕಿ, “ದೊಡ್ಡಮ್ಮ ಬಾಣಂತನದಲ್ಲಿ ಹೋದ್ರಂತೆ. ಅಮ್ಮ ಆ ವಿಷಯ ಮಾತಾಡಲ್ಲ” ಎಂದರು.

“ಹೆರಿಗೆ ಕಷ್ಟ ಆಗಿತ್ತಾ?”

“ಇಲ್ಲ” ಎಂದರು ಸೀತಮ್ಮ. ಮಾತು ಸಣ್ಣಗಿತ್ತು. “ಅಕ್ಕಂಗೆ ಹೆರಿಗೆ ಹೂವೆತ್ತಿದ ಹಾಗಾಯ್ತು. ಮಗೂನೂ ಚೆನ್ನಾಗಿತ್ತು. ವಾರ ಕಳೆದಿತ್ತು. ಅಮ್ಮಂಗೆ ಜ್ವರ, ಅದಕ್ಕೆ ಬಾಣಂತಿಗೆ ನೀರು ಹಾಕು ಅಂತ ನಂಗೆ ಹೇಳಿದ್ರು. ನಾನಿನ್ನೂ ಲಂಗ ಹಾಕ್ತಿದ್ದ ಹುಡುಗಿ. ಹಂಡೆಯಿಂದ ತೋಡಿ ತೋಡಿ ಹಾಕ್ದೆ. ಅಕ್ಕ ‘ಹಾ, ಹಿತವಾಗಿದೆ ಕಣೇ’ ಅಂದ್ಲು. ಅವತ್ತು ಸಾಯಂಕಾಲ ರಕ್ತ ಹೋಗೋಕೆ ಶುರುವಾಯ್ತು. ಮಾರನೇ ದಿನಕ್ಕೆ ಅಕ್ಕ ಇರ್ಲಿಲ್ಲ. ನೀರು ಬಿಸಿ ಜಾಸ್ತಿ ಆಯ್ತು, ಹುಡುಗಿಗೆ ಗೊತ್ತಾಗಲಿಲ್ಲ ಅಂತ ಎಲ್ರೂ ಅಂದ್ರು. ಬೈಯಲಿಲ್ಲ ಯಾರೂ. ಹಾಗಂದ್ರು ಅಷ್ಟೆ.”

ಮಗಳು ತಾಯಿಯ ಮುಖವನ್ನೇ ನೋಡುತ್ತಿದ್ದರು. ಈ ಮಾತನ್ನು ಅವರೂ ಮೊದಲ ಸಲ ಕೇಳುತ್ತಿದ್ದರು.

ಈ ಕೊರತೆಯ ವಿಚಿತ್ರವೇ ಅದು. ಬಸುರಾದಾಗ ಮೈ ತಾನಾಗಿಯೇ ಆ ಅಂಶವನ್ನು ಹೆಚ್ಚಿಸಿಕೊಳ್ಳುತ್ತದೆ. ಒಂಬತ್ತು ತಿಂಗಳು ತುಂಬುವ ಹೊತ್ತಿಗೆ ಕೊರತೆ ಇದ್ದುದೇ ತಿಳಿಯದಷ್ಟು. ಅದಕ್ಕೇ ಎಷ್ಟೋ ಜನರ ಹೆರಿಗೆ ಸಲೀಸಾಗುತ್ತದೆ. ಮಗು ಹೊರಬಂದ ಮೇಲೆ ದಿನದಿಂದ ದಿನಕ್ಕೆ ಅದು ಮತ್ತೆ ಇಳಿಯುತ್ತದೆ. ವಾರ, ಹತ್ತು ದಿನ ಕಳೆದು, ಎಲ್ಲರೂ ನಿಶ್ಚಿಂತೆಯಾಗಿದ್ದಾಗ, ರಕ್ತ ಕಾಣಿಸಿಕೊಳ್ಳುತ್ತದೆ. ಸತ್ತು ಅರ್ಧ ಶತಮಾನವಾದ ಹೆಂಗಸಿನ ಕಾಯಿಲೆ ಅವಳ ತಂಗಿಯ ಕಿವಿಯ ಹನಿಯಲ್ಲಿ, ಅವಳ ತಂಗಿಯ ಬಾಯಿಯ ಮಾತಿನಲ್ಲಿ, ನನ್ನ ಕಣ್ಣೆದುರು ಬಂದು ಕೂತಿತ್ತು.

ಸ್ಟೂಲು ಎಳೆದುಕೊಂಡು ಅವರ ಎದುರು ಕೂತೆ. ಇದನ್ನೆಲ್ಲ ಆದಷ್ಟು ಸರಳವಾಗಿ ಹೇಳಿದೆ. ಅವರು ಒಣಗಿದ ಮೂರು ಕಾಗದಗಳನ್ನು ಒಂದೊಂದಾಗಿ ನೋಡಿದರು.

“ಹಂಗಾದ್ರೆ, ನೀರಿನ ಬಿಸಿಗೆ ಅಲ್ವಾ?”

“ಅಲ್ಲಮ್ಮ. ನೀವು ತಣ್ಣೀರು ಹಾಕಿದ್ರೂ, ನೀರೇ ಹಾಕದಿದ್ರೂ ಅವರಿಗೆ ಹಾಗೇ ಆಗ್ತಿತ್ತು.”

ಸೀತಮ್ಮನವರ ಕಣ್ಣಲ್ಲಿ ನೀರು ಬರಲಿಲ್ಲ. ಮೊಮ್ಮಗಳನ್ನು ಹತ್ತಿರಕ್ಕೆ ಎಳೆದುಕೊಂಡು ಅವಳ ಬೆನ್ನ ಮೇಲೆ ಕೈಯಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

“ಇನ್ನೊಂದ್ಸಲ ಹೇಳಿ ಡಾಕ್ಟ್ರೇ” ಎಂದರು.

ಇನ್ನೊಂದು ಸಲ ಹೇಳಿದೆ.